ಆಕ್ಲೆಂಡಿನಿಂದ ಕೆಂಗೇರಿಗೆ ಹದಿನಾಲ್ಕು ಗಂಟೆ

ನಮ್ಮಪ್ಪನ ಲೆಕ್ಕದಲ್ಲಿ ಆಕ್ಲೆಂಡ್ ಹದಿನಾಲ್ಕು ಗಂಟೆಯ ದಾರಿ. ನನ್ನ ತಂಗಿಯ ಬಾಣಂತನ ಮಾಡಲು ಅಮ್ಮ ನ್ಯೂಜಿಲೆಂಡಿಗೆ ವಿಮಾನ ಹತ್ತಿದ ಮೇಲೆ ಅವರಿಗೆ ಅಂಟಿಕೊಂಡ ಚಟ ಅದು. ಸಂಜೆ ಕಾಫಿ ಕುಡಿದು, ಕೆಂಗೇರಿ ಉಪನಗರದ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ಎರಡು ಊರುಗಳ ವಿಮಾನ ನಿಲ್ದಾಣದ ಹೆಸರು ಒತ್ತುವುದು, ನಡುವೆ ಎಷ್ಟು ದೂರ ಎಂದು ನೋಡುವುದು. ಬೆಂಗಳೂರಿನಿಂದ ಹೊರಟ ಒಂದು ಬಾಗಿದ ಗೆರೆ ಸಮುದ್ರವನ್ನೆಲ್ಲ ದಾಟಿ ಭೂಪಟದ ಮೂಲೆಯಲ್ಲಿ ಇಳಿಯುತ್ತಿತ್ತು. ಕೆಳಗೆ ಹನ್ನೊಂದೂವರೆ ಸಾವಿರ ಕಿಲೋಮೀಟರ್, ಹದಿನಾಲ್ಕು ಗಂಟೆ ಚಿಲ್ಲರೆ ಎಂದು ಬರೆದಿರುತ್ತಿತ್ತು. ನಿನ್ನೆ ನೋಡಿದ್ದನ್ನೇ ಇವತ್ತೂ ನೋಡಿ, ದೂರ ಏನಾದರೂ ಕಮ್ಮಿಯಾಗಿದೆಯೋ ಎಂಬಂತೆ ಮತ್ತೊಮ್ಮೆ ಜೋರಾಗಿ ಓದುತ್ತಿದ್ದರು.

ನಾನಿರುವುದು ಅತ್ತಿಗುಪ್ಪೆಯಲ್ಲಿ. ವಾರಕ್ಕೊಮ್ಮೆ ಮೆಟ್ರೋ ಹತ್ತಿ ಅಪ್ಪನನ್ನು ನೋಡಿ ಬರುತ್ತಿದ್ದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಒಂದು ಸಲ ಹೇಳಿಯೇ ಬಿಟ್ಟೆ. "ಅಂಥ ಪ್ಲೇನೇ ಇಲ್ಲಪ್ಪ. ಸಿಂಗಾಪುರದಲ್ಲಿ ಇಳಿದು ಬೇರೆ ಪ್ಲೇನ್ ಹತ್ತಬೇಕು. ಕಾಯೋದೆಲ್ಲ ಸೇರಿದ್ರೆ ಹೆಚ್ಚೂಕಮ್ಮಿ ಒಂದು ದಿನ ಆಗುತ್ತೆ."

ಅಪ್ಪ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ವಿಮಾನದ ಒಳಗೆ ಕಾಲಿಟ್ಟವರಲ್ಲ, ಆದರೂ ಸೋಲುವವರೂ ಅಲ್ಲ. "ಇಲ್ದಿದ್ರೆ ಏನಮ್ಮ? ಇದ್ದಿದ್ರೆ ಹದಿನಾಲ್ಕೇ ಗಂಟೆ ತಾನೆ? ಮಧ್ಯೆ ಸ್ಟಾಪ್ ಕೊಟ್ರೆ ಅದು ಡ್ರೈವರ್ ತಪ್ಪು. ರೋಡಿನ ತಪ್ಪಲ್ಲ" ಎಂದರು. ಆ ಮಾತು ಇಷ್ಟು ದಿನ ನನ್ನ ಬೆನ್ನು ಹತ್ತುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಹಲ್ಲುಜ್ಜಿ ಬಂದು ಅದೇ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಜೊತೆಯಲ್ಲಿದ್ದ ನನ್ನ ತಮ್ಮ ಕಾಫಿ ತಂದು ಎರಡು ಸಲ ಕೂಗಿದನಂತೆ. ಪಕ್ಕದ ರಸ್ತೆಯ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ನಾನು ಕೆಂಗೇರಿ ತಲುಪುವ ಹೊತ್ತಿಗೆ ಮನೆ ಮುಂದೆ ಸೌದೆಯ ಹೊಗೆ ಎದ್ದಿತ್ತು, ಶಾಮಿಯಾನದ ಕಂಬ ನೆಡುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಾಣಂತನ ಮುಗಿಸಿ ಅಮ್ಮ ಬರಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಅಷ್ಟು ಕಾಯಲು ಈ ಮನುಷ್ಯನಿಗೆ ಏನಾಗಿತ್ತು ಎಂದು ಸತ್ತ ಅಪ್ಪನ ಮೇಲೆಯೇ ಸಿಟ್ಟು ಬಂತು.

ಹಳೇ ಕೆಂಗೇರಿಯಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ಹೊಲವೆಲ್ಲ ಲೇಔಟ್ ಆಗಿ ಕರಗಿಹೋದರೂ ಕುಟುಂಬದಲ್ಲಿ ಹುಟ್ಟು ಸಾವಿನ ಯಜಮಾನಿಕೆ ಅವರದೇ. ಬಂದವರೇ ಅಪ್ಪನ ಹಣೆ ಮುಟ್ಟಿ, ಟವೆಲಿನಲ್ಲಿ ಕಣ್ಣೊರೆಸಿಕೊಂಡು, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿದ ಮೊದಲ ಮಾತು, "ನಿಮ್ಮವ್ವ ಬರಕ್ಕೆ ಎಷ್ಟೊತ್ತಾಯ್ತದೆ?"

ತಮ್ಮ ಅಪ್ಪನ ಫೋನನ್ನೇ ತೆಗೆದ. ಆ ಬಾಗಿದ ಗೆರೆಯ ಚಿತ್ರ ತೆರೆದೇ ಇತ್ತು.

"ಹದಿನಾಲ್ಕು ಗಂಟೆ ಅಲ್ವಾ? ನಿಮ್ಮಪ್ಪ ದಿನಾ ಹೇಳೋನು" ಎಂದರು ದೊಡ್ಡಪ್ಪ. "ಈಗ ಹೊಲ್ಟ್ರೆ ರಾತ್ರಿಗೆ ಬಂದ್ಬುಡ್ತಾಳೆ."

ಇಲ್ಲ ದೊಡ್ಡಪ್ಪ, ಟಿಕೆಟ್ ಸಿಗಬೇಕು, ಸಿಂಗಾಪುರದಲ್ಲಿ ಬದಲಿಸಬೇಕು, ಏನೇ ಮಾಡಿದರೂ ನಾಳೆ ಮಧ್ಯಾಹ್ನ ಎಂದು ನಾನು ಬಿಡಿಸಿ ಹೇಳಿದೆ. ಆಕ್ಲೆಂಡಿನಲ್ಲಿ ಈಗ ಎಷ್ಟು ಹೊತ್ತು ಎಂದರು. ಮಧ್ಯಾಹ್ನ ಎಂದೆ. ಬೆಳಿಗ್ಗೆಯೇ ಹೋದವನಿಗೆ ಅಲ್ಲಿ ಮಧ್ಯಾಹ್ನ ಆಗಿಬಿಟ್ಟಿದೆಯೇ ಎಂದು ಅವರು ಬೆರಳು ಮಡಿಸಿ ಎಣಿಸಿದರು. ಆಮೇಲೆ ಒಪ್ಪಿದರು. ನಾಳೆ, ಶುಕ್ರವಾರ, ಹೊತ್ತು ಮುಳುಗುವ ಮುಂಚೆ ಮಣ್ಣು. ಅಲ್ಲಿವರೆಗೆ ಫ್ರೀಜರ್ ಬಾಕ್ಸಿನಲ್ಲಿ ಇಡುವುದು. ಅದರಾಚೆ ಒಂದು ಗಳಿಗೆಯೂ ಇಲ್ಲ, ಏಕೆಂದರೆ ಆಚೆ ಶನಿವಾರ. ಶನಿವಾರ ಮಣ್ಣಿಗೆ ಹೋದ ಹೆಣ ಮನೆಯ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತದೆ ಎಂದು ನಮ್ಮವರ ನಂಬಿಕೆ. "ಹಸುಗೂಸಿರೋ ಮನೆ ಕಣಮ್ಮ" ಎಂದರು ದೊಡ್ಡಪ್ಪ. ಆ ಕೂಸು ಇದ್ದದ್ದು ಹನ್ನೊಂದೂವರೆ ಸಾವಿರ ಕಿಲೋಮೀಟರ್ ಆಚೆ. ಶನಿಗೆ ಅದು ದೂರವಲ್ಲ.

ಹೀಗೆ, ಆ ಮನೆಯಲ್ಲಿ ಅಂದು ಇದ್ದದ್ದು ಒಂದೇ ಚಿಂತೆ. ಅಮ್ಮ ಅಪ್ಪನ ಮುಖ ನೋಡಬೇಕು. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೆಳಗಾಗೆದ್ದು ನೋಡಿದ ಮುಖವನ್ನು ಮಣ್ಣು ಮುಚ್ಚುವ ಮುಂಚೆ ಒಂದೇ ಒಂದು ಸಲ. ಮಿಕ್ಕದ್ದೆಲ್ಲ, ಹಾರ, ತಮಟೆ, ಊರಿಗೆಲ್ಲ ಹೇಳಿ ಕಳಿಸುವುದು, ತಾನಾಗಿ ನಡೆಯುತ್ತಿತ್ತು.

ಅಮ್ಮನಿಗೆ ಹೇಗೆ ಹೇಳುವುದು ಎಂಬ ಮಾತು ಬಂತು. ನಿಜವನ್ನೇ ಹೇಳೋಣ ಎಂದೆ. ಎಲ್ಲರೂ ನನ್ನನ್ನು ಹುಚ್ಚಿಯಂತೆ ನೋಡಿದರು.

ನಮ್ಮ ಕಡೆ ಯಾರೂ ಸಾಯುವುದಿಲ್ಲ. ಎಲ್ಲರೂ ಸೀರಿಯಸ್ ಆಗುತ್ತಾರೆ. ತಂತಿ ಬರುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದು. ದೂರದಲ್ಲಿರುವವರಿಗೆ, ಅದರಲ್ಲೂ ಒಬ್ಬರೇ ದಾರಿ ನಡೆದು ಬರಬೇಕಾದವರಿಗೆ, ಸಾವು ಎಂದು ಹೇಳುವಂತಿಲ್ಲ. ಸೀರಿಯಸ್ ಎನ್ನಬೇಕು. ಕೇಳಿದವರೂ ದಡ್ಡರಲ್ಲ. ಸೀರಿಯಸ್ ಎಂದ ಕೂಡಲೇ ಬಿಳಿ ಸೀರೆ, ಪಂಚೆ ಬ್ಯಾಗಿಗೆ ತುಂಬಿಕೊಂಡೇ ಹೊರಡುತ್ತಾರೆ. ಹೇಳುವವರು ಸುಳ್ಳು ಹೇಳಿದಂತೆ, ಕೇಳುವವರು ನಂಬಿದಂತೆ, ಮನೆಯ ಬಾಗಿಲು ಮುಟ್ಟುವವರೆಗೆ ಇಬ್ಬರೂ ನಟಿಸುವುದು. ನನಗೆ ಚಿಕ್ಕಂದಿನಿಂದಲೂ ಈ ನಾಟಕ ಕಂಡರೆ ಮೈ ಉರಿಯುತ್ತದೆ. ಆದರೆ ಇಷ್ಟು ಒಪ್ಪಬೇಕು: ಆ ಪದ ತನ್ನ ಕೆಲಸ ಮಾಡುತ್ತಿತ್ತು. ಅದನ್ನು ಕೇಳಿ ಯಾರೂ ದಾರಿಯಲ್ಲಿ ನಿಲ್ಲುತ್ತಿರಲಿಲ್ಲ.

ತಂಗಿಗೆ ಮಾತ್ರ ನಿಜ ಹೇಳಿದೆವು. ಅವಳು ನರ್ಸ್, ಸಾವನ್ನು ಕಂಡವಳು. ಕೂಸು ಇನ್ನೂ ತೊಟ್ಟಿಲಿನದು, ಅವಳು ಹೊರಡುವಂತಿರಲಿಲ್ಲ. ಬಚ್ಚಲ ನಲ್ಲಿ ತಿರುಗಿಸಿಟ್ಟು ಅತ್ತು, ಮುಖ ತೊಳೆದುಕೊಂಡು ಬಂದು, ಅಪ್ಪ ಸೀರಿಯಸ್ ಅಂತೆ ಅಮ್ಮ, ನೀನು ಇವತ್ತೇ ಹೊರಡು ಎಂದಳಂತೆ. ಅಮ್ಮ ಕೂಡಲೇ ಬಟ್ಟೆ ತುಂಬಿಕೊಂಡಳಂತೆ. ಅವಳೂ ಕೆಂಗೇರಿಯ ಹೆಂಗಸೇ. ಅವಳಿಗೆ ಆ ಪದದ ಅರ್ಥ ಗೊತ್ತಿತ್ತು.

ಗೊತ್ತಿದ್ದರಿಂದಲೇ ಆಕ್ಲೆಂಡ್ ವಿಮಾನ ನಿಲ್ದಾಣದಿಂದ ತಮ್ಮನಿಗೆ ಫೋನ್ ಮಾಡಿದಳು. ಅವನು ಅಪ್ಪನ ತಲೆಯ ಹತ್ತಿರ ಕೂತಿದ್ದ. ಫ್ರೀಜರ್ ಬಾಕ್ಸ್ ಗುಂಯ್ ಎನ್ನುತ್ತಿತ್ತು. ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಅಮ್ಮನ ದನಿ ನನಗೂ ಕೇಳಿಸಿತು.

"ನಿಜ ಹೇಳು ಮಗ. ಸೀರಿಯಸ್ಸು ಅಂದ್ರೆ ಯಾವ ಸೀರಿಯಸ್ಸು? ಅವ್ರು ಬದುಕವ್ರೋ ಇಲ್ವೋ?"

ನಟಿಸುವ ಪದ್ಧತಿಯನ್ನು ಅಮ್ಮನೇ ಮುರಿದಿದ್ದಳು. ನೇರವಾಗಿ ಕೇಳಿದ್ದಳು. ಆ ಒಂದು ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ಹೇಳೋ ಎಂದು ನಾನು ಕಣ್ಣಿನಲ್ಲೇ ಗದರಿದೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈಯಾಡಿಸಿದರು. ತಮ್ಮ ಮೊದಲಿನಿಂದಲೂ ಮೆತ್ತನೆಯವನು, ಅಮ್ಮನ ಅಳು ತಡೆಯುವವನಲ್ಲ.

"ಅಯ್ಯೋ, ಇದಾರಮ್ಮ. ನಿಜವಾಗ್ಲೂ ಬರೀ ಸೀರಿಯಸ್ ಅಷ್ಟೆ. ಅದೂ ಬೆಳಿಗ್ಗೆ. ಈಗ ಪರವಾಗಿಲ್ಲ. ಎರಡು ಇಡ್ಲಿ ತಿಂದ್ರು. ಚಟ್ನಿ ಸಪ್ಪೆ ಅಂತ ಬೈದ್ರು. ಮಲಗಿದಾರೆ."

ಆ ಕಡೆ ಅಮ್ಮ ನಕ್ಕಳು. ಅಳುತ್ತಲೇ ನಕ್ಕಳು. "ಚಟ್ನಿ ಬೈದ್ರು ಅಂದ್ಮೇಲೆ ಬಿಡು" ಎಂದಳು. ಚಟ್ನಿಯನ್ನು ಬೈಯುವುದು ಅಪ್ಪನ ನಿತ್ಯದ ಪೂಜೆ. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ತಮ್ಮನಿಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಫೋನ್ ಇಟ್ಟವನೇ ಬಾಕ್ಸಿನ ಗಾಜಿಗೆ ಹಣೆ ಒತ್ತಿಕೊಂಡು ಅತ್ತ. ದೊಡ್ಡಪ್ಪ ಬಂದು ಅವನ ಬೆನ್ನು ಸವರಿ, ಒಳ್ಳೆ ಕೆಲ್ಸ ಮಾಡ್ದೆ ಎಂದರು.

ಅಂದು ಒಲೆ ಹಚ್ಚುವಂತಿಲ್ಲ. ಎದುರು ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟರು. ಬಂದವರೆಲ್ಲ ಹಾರ ಹಾಕಿ, ಹೊರಗೆ ಕೂತು, ಅದೇ ಪ್ರಶ್ನೆ ಕೇಳುತ್ತಿದ್ದರು. ಈಗ ಎಲ್ಲಿದ್ದಾರೆ? ಇನ್ನೂ ಎಷ್ಟು ಹೊತ್ತು? ತಮ್ಮ ಫೋನಿನಲ್ಲಿ ವಿಮಾನದ ಗುರುತು ತೋರಿಸುತ್ತಿದ್ದ. ನೀಲಿ ಸಮುದ್ರದ ಮೇಲೆ ಚಿಕ್ಕ ಹಳದಿ ವಿಮಾನ, ಇರುವೆಗಿಂತ ನಿಧಾನ. ತಮಟೆಯವರೂ ಬಗ್ಗಿ ನೋಡಿದರು. ಆ ಹಳದಿ ಚುಕ್ಕೆಯೊಳಗೆ ನಮ್ಮಮ್ಮ ಹಣೆತುಂಬ ಕುಂಕುಮ ಇಟ್ಟುಕೊಂಡು, ತಂಗಿಯ ಸೀಮಂತಕ್ಕೆ ತೊಟ್ಟಿದ್ದ ಹಸಿರು ಬಳೆ ತೊಟ್ಟುಕೊಂಡು, ಗಂಡ ಇಡ್ಲಿ ತಿಂದನಲ್ಲ ಎಂದು ನೆಮ್ಮದಿಯಾಗಿ ಕೂತಿದ್ದಳು. ಅವಳ ಮಟ್ಟಿಗೆ ಅಪ್ಪ ಇನ್ನೂ ಬದುಕಿದ್ದರು. ಒಂದು ಗಳಿಗೆ ನನಗೂ ಹಾಗೆಯೇ ಇರಲಿ ಅನ್ನಿಸಿತು. ಆ ವಿಮಾನ ಎಲ್ಲೂ ಇಳಿಯದೆ ಹಾರುತ್ತಲೇ ಇರಲಿ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಅದು ಸಿಂಗಾಪುರದಲ್ಲಿ ಇಳಿಯಿತು. ಅಲ್ಲಿಂದ ಬೆಂಗಳೂರಿಗೆ ನಾಲ್ಕು ಗಂಟೆ ಚಿಲ್ಲರೆ, ಅಷ್ಟೇ. ನಾವೆಲ್ಲ ಉಸಿರು ಬಿಟ್ಟೆವು. ದೊಡ್ಡಪ್ಪ ಗುಂಡಿ ತೆಗೆಯುವವರನ್ನು ಕಳಿಸಿದರು. ಹಳೇ ಕೆಂಗೇರಿಯಲ್ಲಿ ಲೇಔಟಿಗೆ ಹೋಗದೆ ಉಳಿದ ನಮ್ಮ ಜಮೀನಿನ ಮೂಲೆಯಲ್ಲಿ, ಅಜ್ಜ ಅಜ್ಜಿಯ ಸಮಾಧಿಯ ಪಕ್ಕ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ತಮ್ಮನ ಫೋನ್ ರಿಂಗಾಯಿತು. ವಿಮಾನ ಹತ್ತಿದೆ ಎಂದು ಹೇಳಲು ಅಮ್ಮ ಮಾಡಿರಬೇಕು ಎಂದುಕೊಂಡು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಗಾಬರಿ ಬೀಳ್ಬೇಡ ಕಣೋ. ನಾನು ನಾಳೆ ಬತ್ತೀನಿ."

ಶಾಮಿಯಾನದಡಿ ಕೂತವರೆಲ್ಲ ಫೋನಿನ ಕಡೆ ತಿರುಗಿದರು.

"ಇಲ್ಲಿ ಪ್ಲೇನಲ್ಲಿ ಸೀಟಿಗಿಂತ ಜನ ಜಾಸ್ತಿ ಆಗ್ಬುಟ್ಟವ್ರೆ. ಒಂದು ಹುಡುಗಿ ಕಣೋ, ದಾವಣಗೆರೆ ಕಡೇದು. ಸೀಟು ಸಿಗ್ದೆ ಕೌಂಟರ್ ಹತ್ರ ನಿಂತ್ಕೊಂಡು ಗೋಳೋ ಅಂತ ಅಳ್ತಿತ್ತು. ಅವ್ರಪ್ಪ ತೀರ್ಕೊಂಡವ್ರಂತೆ. ಇವತ್ತೇ ಸಂಜೆ ಮಣ್ಣಂತೆ. ಯಾರಾದ್ರೂ ಒಬ್ರು ಸೀಟು ಬಿಟ್ರೆ ಹೋಟ್ಲಲ್ಲಿ ಇಟ್ಟು ನಾಳೆ ಬೆಳಿಗ್ಗೆ ಕಳಿಸ್ತೀವಿ ಅಂದ್ರಂತೆ, ಆ ಮಗೂನೇ ನಂಗೆ ಕನ್ನಡದಲ್ಲಿ ಹೇಳ್ತು. ಯಾರೂ ಏಳ್ಲಿಲ್ಲ. ನಾನೇ ಬಿಟ್ಕೊಟ್ಟೆ. ನಿಮ್ಮಪ್ಪ ಹೆಂಗೂ ಹುಸಾರಾಗವ್ರಲ್ಲ, ಒಂದು ದಿನ ತಡ ಆದ್ರೆ ಏನಾಯ್ತದೆ. ಆ ಮಗು ನೋಡ್ಲಿ ಅವ್ರಪ್ಪನ ಮುಖಾನ. ನನ್ನ ಕಾಲು ಮುಟ್ಟಿ ಹೋದ್ಲು ಕಣೋ, ಪಾಪ. ನಿಮ್ಮಪ್ಪಂಗೆ ಇವತ್ತೇನು ಕೊಟ್ರಿ ತಿನ್ನಕ್ಕೆ?"

ನಾನು ಫೋನ್ ಕಿತ್ತುಕೊಂಡೆ. "ಅಮ್ಮ, ಈಗ್ಲೇ ಹೋಗಿ ಕೇಳು, ಆ ಪ್ಲೇನಿಗೇ ಹತ್ತಬೇಕು ಅನ್ನು" ಎಂದು ಕಿರುಚಿದೆ.

"ಹೊರಟೋಯ್ತಲ್ಲೇ. ಅಗೋ, ಗಾಜಲ್ಲಿ ಕಾಣ್ತಾ ಐತೆ, ಹೋಯ್ತಾ ಐತೆ. ಯಾಕೆ?"

ಯಾಕೆ ಎಂದು ಕೇಳಿದಳು. ಗುರುತಿಲ್ಲದ ಊರಿನಲ್ಲಿ, ಭಾಷೆ ಬಾರದವರ ನಡುವೆ, ಇಡೀ ದಿನ ಒಬ್ಬಳೇ ಹೋಟೆಲಿನ ಕೋಣೆಯಲ್ಲಿರಬೇಕಾದವಳಿಗೆ ಈಗ ಏನೆಂದು ಹೇಳಲಿ? ನಿಜ ಹೇಳಬೇಕು ಎಂದು ನಿನ್ನೆಯಿಂದ ಬಡಿದುಕೊಂಡವಳ ಬಾಯಿಯೂ ಕಟ್ಟಿಹೋಯಿತು. ಏನಿಲ್ಲಮ್ಮ, ಹುಷಾರು ಎಂದೆ. ಬೇರೆ ವಿಮಾನವಿದೆಯೇ ಎಂದು ತಮ್ಮನೂ ನಾನೂ ಫೋನಿನ ಮೇಲೆ ಫೋನು ಮಾಡಿದೆವು. ಹೊತ್ತು ಮುಳುಗುವ ಮುಂಚೆ ಇಳಿಯುವ ಯಾವುದರಲ್ಲೂ ಸೀಟಿರಲಿಲ್ಲ.

ದೊಡ್ಡಪ್ಪನ ಜೊತೆ ಜಗಳವಾಡಿದೆ. ಇಂದಿಗೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಬಾಕ್ಸ್ ಇದೆ, ನಾಳೆ ಮಧ್ಯಾಹ್ನದವರೆಗೆ ಇಡೋಣ, ಶನಿ ಬಂದು ಯಾರನ್ನು ಕರೆಯುತ್ತಾನೋ ನನ್ನನ್ನೇ ಕರೆಯಲಿ ಎಂದೆ. ಹೆಂಗಸರು ಬಾಯಿ ಮುಚ್ಚಿಸಲು ಬಂದರು. ದೊಡ್ಡಪ್ಪ ಕೂಗಾಡಲಿಲ್ಲ. "ಆ ಕೂಸಿಗೆ ಏನಾದ್ರೂ ಆದ್ರೆ ನೀನೇ ನನ್ನ ಕೇಳ್ತೀಯ" ಎಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಗುಂಯ್ ಎನ್ನುವುದು ನಿಂತಾಗಲೇ ಅದು ನಿನ್ನೆಯಿಂದ ಎಷ್ಟು ಜೋರಾಗಿತ್ತೆಂದು ತಿಳಿದದ್ದು. ಯಾರೋ ಜನರೇಟರ್ ತರಲು ಓಡಿದರು. ಅದು ಬರುವಷ್ಟರಲ್ಲಿ ಗಾಜಿನ ಒಳಗೆಲ್ಲ ಬೆವರಿನಂತೆ ನೀರು ಕಟ್ಟಿತು. ಒರೆಸಿ ನೋಡಿದಾಗ ಅಪ್ಪನ ತುಟಿಯ ಸುತ್ತ ಕಪ್ಪಾಗಿತ್ತು. ಊದುಬತ್ತಿ ಎಷ್ಟು ಹಚ್ಚಿದರೂ ವಾಸನೆ ಅಡಗಲಿಲ್ಲ. ಇದನ್ನು ಅಮ್ಮ ನೋಡುವುದು ಬೇಡ ಎಂದು ತಮ್ಮ ಹೇಳಿದ. ಅದರೊಂದಿಗೆ ನನ್ನ ಜಗಳವೂ ಮುಗಿಯಿತು.

ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು. ತಂಗಿ ಆಕ್ಲೆಂಡಿನಿಂದ ಫೋನಿನಲ್ಲಿ ನೋಡಿದಳು. ಅಲ್ಲಿ ಆಗಲೇ ಶನಿವಾರ ಹುಟ್ಟಿತ್ತು. ಅದನ್ನು ನಾನು ದೊಡ್ಡಪ್ಪನಿಗೆ ಹೇಳಲಿಲ್ಲ.

ಮರುದಿನ ನಾನೂ ತಮ್ಮನೂ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದೆವು. ಮನೆ ಮುಟ್ಟುವವರೆಗೂ ತುಟಿ ಬಿಚ್ಚಬೇಡಿ ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದರು. ಮನೆಯಲ್ಲಿ ಹೆಂಗಸರು ಅರಿಶಿನ, ಕುಂಕುಮ, ಹೂವು ತಟ್ಟೆಗಿಟ್ಟುಕೊಂಡು ಕಾಯುತ್ತಿದ್ದರು. ಕೊನೆಯ ಸಲ ಇಟ್ಟು ಮುಡಿಸಿ, ಆಮೇಲೆ ಎಲ್ಲ ತೆಗೆದು, ಬಳೆ ಒಡೆಯಲು. ತವರಿನವರು ಸೀರೆ ತಂದಾಗಿತ್ತು.

ಅಮ್ಮ ಲಗೇಜಿನ ಗಾಡಿ ತಳ್ಳಿಕೊಂಡು ಹೊರಗೆ ಬಂದಳು. ಹೋಟೆಲಿನಲ್ಲಿ ಸ್ನಾನ ಮಾಡಿ, ಇಸ್ತ್ರಿಯ ಸೀರೆ ಉಟ್ಟು, ಅಗಲವಾಗಿ ಕುಂಕುಮ ಇಟ್ಟಿದ್ದಳು. ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ನಮ್ಮನ್ನು ಕಂಡವಳೇ ತಮ್ಮನ ಗಲ್ಲ ಮುಟ್ಟಿದಳು.

"ಸೊರಗ್ಬುಟ್ಟಿದೀಯ. ಯಾವ ಆಸ್ಪತ್ರೆ? ಸೀದಾ ಅಲ್ಗೇ ಹೋಗಾನ. ಬೆಳಿಗ್ಗೆ ಏನು ತಿಂದ್ರು?"

ತಮ್ಮ ಅಲ್ಲೇ, ಗಾಡಿಯ ಪಕ್ಕ, ನೆಲದ ಮೇಲೆ ಕುಸಿದು ಕೂತ. ಜನ ಸುತ್ತಿ ಬಳಸಿ ಹೋಗುತ್ತಿದ್ದರು. ಅಮ್ಮ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಇನ್ನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಮಣ್ಣು ಮಾಡಿ ಆಯ್ತಮ್ಮ. ನಿನ್ನೆ ಸಂಜೆ" ಎಂದೆ. "ಗುರುವಾರ ಬೆಳಿಗ್ಗೆನೇ ಹೋಗಿಬಿಟ್ರು. ನೀನು ಹೊರಡೋಕೆ ಮುಂಚೆನೇ."

ಅವಳು ಗಾಡಿಯ ಹಿಡಿಯನ್ನು ಬಿಡದೆ ನಿಂತಳು. ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಳು ಎಂದು ನನಗೆ ಆಮೇಲೆ ಹೊಳೆಯಿತು. ಗುರುವಾರ ಬೆಳಿಗ್ಗೆ, ಇಡ್ಲಿ, ಸಿಂಗಾಪುರ, ನಿನ್ನೆ ಸಂಜೆ. ಲೆಕ್ಕ ಮುಗಿದಾಗ ಅವಳ ಮುಖ ನನಗೆ ಗುರುತೇ ಸಿಗಲಿಲ್ಲ.

ತಮ್ಮ ಕಾರು ಓಡಿಸುವಂತಿರಲಿಲ್ಲ, ನಾನೇ ಓಡಿಸಿದೆ. ಹೆಬ್ಬಾಳ, ಗೊರಗುಂಟೆಪಾಳ್ಯ, ಸುಮನಹಳ್ಳಿ. ಶನಿವಾರದ ಮಧ್ಯಾಹ್ನ, ದಾರಿಯುದ್ದಕ್ಕೂ ಗಾಡಿಗಳು. ಒಮ್ಮೆ ತಮ್ಮ ಹಿಂದಕ್ಕೆ ತಿರುಗಿ, "ಅಮ್ಮ, ವಿಡಿಯೋ ಇದೆ. ಮುಖ ಕಾಣುತ್ತೆ. ನೋಡ್ತೀಯಾ?" ಎಂದು ಫೋನ್ ಚಾಚಿದ. ಅವಳು ಅದನ್ನು ಮೆಲ್ಲಗೆ ಅವನ ಕಡೆಗೇ ತಳ್ಳಿದಳು. "ಫೋನಲ್ಲಿ ನೋಡೋದಾಗಿದ್ರೆ ಅಲ್ಲಿಂದ್ಲೇ ನೋಡ್ತಿದ್ದೆ" ಎಂದಳು. ತಮ್ಮ ಮತ್ತೆ ತಿರುಗಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಕನಿಕರವೂ ಹುಟ್ಟುತ್ತಿತ್ತು. ಅಷ್ಟು ದೊಡ್ಡ ಸಮುದ್ರವನ್ನು ದಾಟಿ ಬಂದಿದ್ದಳು ಅಮ್ಮ. ದೂರ ಅವಳಿಗೆ ಏನೂ ಮಾಡಿರಲಿಲ್ಲ. ಮಧ್ಯೆ ಸ್ಟಾಪ್ ಕೊಟ್ಟವರು ನಾವು.

ನಾಯಂಡಹಳ್ಳಿ ಸಿಗ್ನಲಿನಲ್ಲಿ ಪೂರ್ತಿ ನಿಂತೆವು. ಮನೆಗೆ ಇನ್ನು ಸ್ವಲ್ಪವೇ ದೂರ. ಮನೆಯಲ್ಲಿ ಏನು ಕಾದಿದೆ ಎಂದು ಅವಳಿಗೂ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಹಸಿರು ಬಳೆಗಳನ್ನು ಒಂದೊಂದಾಗಿ, ಒಡೆಯದ ಹಾಗೆ, ಕೈ ಹಿಂಡಿ ಹಿಂಡಿ ತಾನೇ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಬೇಡ ಎನ್ನಲಿಲ್ಲ.

"ಆ ಹುಡುಗಿ ಟೈಮಿಗೆ ಹೋಗಿರ್ತಾಳೆ ಅಲ್ವೇನೇ?" ಎಂದಳು ಇದ್ದಕ್ಕಿದ್ದಂತೆ.

"ಹೋಗಿರ್ತಾಳಮ್ಮ."

"ಅವ್ರಪ್ಪನ ಮುಖ ನೋಡಿರ್ತಾಳೆ."

"ನೋಡಿರ್ತಾಳೆ."

ಕೊನೆಯ ಬಳೆಯನ್ನೂ ತೆಗೆದು ಎಲ್ಲವನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

"ಅವಳಿಗೆ ಮನೆಯವ್ರು ನಿಜ ಹೇಳಿದ್ರು" ಎಂದಳು.